ಗಾಳಿಗೆ ಕಾಸು ಕೊಡದ ಕೆಮುವೇಲಿ

ನೌಸೋರಿಯ ನಮ್ಮ ಬೀದಿಯಲ್ಲಿ ಸರ್ಕಾರ ನಡೆಸುವ ಪಕ್ಷಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮಗಿರುವ ಪಕ್ಷಗಳು ಎರಡೇ: ಒಂದು ಸಿಡಿ ಪಕ್ಷ, ಇನ್ನೊಂದು ಡೌನ್‌ಲೋಡ್ ಪಕ್ಷ. ಸಿಡಿ ಪಕ್ಷದ ಸ್ಥಾಪಕ, ಅಧ್ಯಕ್ಷ, ಖಜಾಂಚಿ ಎಲ್ಲವೂ ನನ್ನ ಪಕ್ಕದ ಮನೆಯ ಕೆಮುವೇಲಿಯೇ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು ಅವನ ನೌಕರಿ. ಓದಿ ಬಂದ ಮೇಲೆ ಲೋಕಕ್ಕೆ ಬುದ್ಧಿ ಹೇಳುವುದು ಅವನ ಸಮಾಜಸೇವೆ. ಡೌನ್‌ಲೋಡ್ ಪಕ್ಷದ ನಾಯಕ ಎದುರು ಮನೆಯ ಇಲೈಸಾ, ಕೆಮುವೇಲಿಯ ಹೆಂಡತಿ ವಾಸಿತಿಯ ಅಣ್ಣ. ಹೀಗಾಗಿ ಇಬ್ಬರೂ ಒಬ್ಬರಿಗೊಬ್ಬರು ಭಾವ. ನಮ್ಮ ಕಡೆ ಭಾವಂದಿರು ಬೈದಾಡಿಕೊಳ್ಳದೆ ಸುಮ್ಮನಿದ್ದರೆ ಮನೆಯಲ್ಲಿ ನಿಜವಾದ ಜಗಳವೇ ಆಗಿರಬೇಕೆಂದು ನೆರೆಹೊರೆಯವರು ಗಾಬರಿಯಾಗುತ್ತಾರೆ. ಆ ಲೆಕ್ಕದಲ್ಲಿ ಇವರಷ್ಟು ಅನ್ಯೋನ್ಯವಾಗಿದ್ದ ಭಾವಂದಿರು ಇಡೀ ಫಿಜಿಯಲ್ಲಿ ಇರಲಿಲ್ಲ.

ಇಬ್ಬರ ಆರಾಧ್ಯದೈವವೂ ಒಂದೇ, ದ್ರೋದ್ರೋಲು ತಂಡ. ಕೆಲವು ಗಿಟಾರು, ಗಿಟಾರಿನ ಮರಿಯಂಥ ಒಂದು ಉಕುಲೇಲೆ, ಅದರ ಮೇಲೆ ಮುದುಕ ಸೈರುಸಿಯ ದನಿ. ಸೈರುಸಿ ರೇಡಿಯೋದಲ್ಲಿ ಬಾಯಿ ತೆರೆದರೆ ಮಾರ್ಕೆಟ್ಟಿನ ಮೀನಿನ ಹೆಂಗಸರು ಚಿಲ್ಲರೆ ವಾಪಸು ಕೊಡುವುದನ್ನು ಮರೆಯುತ್ತಾರೆ. ಈ ತಂಡದ ಮೊದಲ ಸಿಡಿ ಬಂದಾಗ ರಾಜಧಾನಿ ಸುವಾಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಅಂಗಡಿಯಲ್ಲಿ ಉಳಿದಿದ್ದ ಕೊನೆಯದನ್ನು ಎದೆಗವಚಿಕೊಂಡು ತಂದವನು ಕೆಮುವೇಲಿ. ತಂದವನು ಅದನ್ನು ಗಾಜಿನ ಬೀರುವಿನಲ್ಲಿ, ತನ್ನ ಮದುವೆಯ ಫೋಟೋದ ಮುಂದೆ ಇಟ್ಟ. ಫೋಟೋದಲ್ಲಿ ವಾಸಿತಿಯ ಮುಖ ಮುಚ್ಚಿಹೋಯಿತು. ಸಿಡಿಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಅವನು ಬಿಚ್ಚಲೇ ಇಲ್ಲ. ಬಿಚ್ಚಿದರೆ ಗೀರು ಬೀಳುತ್ತದಂತೆ. ಹಾಡು ಕೇಳಬೇಕೆನಿಸಿದರೆ ನಮ್ಮ ಮನೆಯ ರೇಡಿಯೋಕ್ಕೆ ಬೇಲಿಯಾಚೆಯಿಂದ ಕಿವಿ ಕೊಡುತ್ತಿದ್ದ.

ಗೀರಿಗಿಂತ ದೊಡ್ಡ ಭಯ ಒಂದಿತ್ತು, ಅದು ಕೆರೆಕೆರೆ. ಇಲ್ಲಿ ನೆಂಟನಾದವನು ನಿಮ್ಮ ಮನೆಗೆ ಬಂದು, ಒಂದು ವಸ್ತುವನ್ನು ನೋಡಿ, "ಕೆರೆಕೆರೆ" ಎಂದು ಬಾಯಿಬಿಟ್ಟು ಕೇಳಿದರೆ ಮುಗಿಯಿತು. ಇಲ್ಲ ಎನ್ನುವ ಹಾಗಿಲ್ಲ, ಕೊಡಲೇಬೇಕು. ಕೇಳುವವನಿಗೆ ಕೆರೆಕೆರೆ, ಕೊಡುವವನಿಗೆ ಕಿರಿಕಿರಿ. ಅದಕ್ಕೇ ವಾಸಿತಿಯ ಊರಿನ ಕಡೆಯವರು ಬಸ್ಸಿಳಿದರೆಂದು ಸುದ್ದಿ ಸಿಕ್ಕಿದ ತಕ್ಷಣ ಕೆಮುವೇಲಿ ಆ ಬೀರುವನ್ನು ಗೋಡೆಯ ಕಡೆಗೆ ತಿರುಗಿಸಿಬಿಡುತ್ತಿದ್ದ. ಬಂದವರು ಬೀರುವಿನ ಬೆನ್ನು ನೋಡಿಕೊಂಡು ಮರಗೆಣಸು ತಿಂದು ಹೋಗುತ್ತಿದ್ದರು. "ನಮ್ಮ ಮನೆ ಬೀರುಗೆ ನಮ್ಮ ನೆಂಟರನ್ನ ಕಂಡ್ರೆ ಆಗಲ್ಲ" ಎಂದು ವಾಸಿತಿ ನನ್ನ ಹೆಂಡತಿಯ ಹತ್ತಿರ ಗೊಣಗಿದ್ದಳು.

ಹೀಗಿರುವಾಗ ಇಲೈಸಾ ಒಂದು ಹೊಸ ಫೋನು ಕೊಂಡು, ಅದೇ ದ್ರೋದ್ರೋಲು ಹಾಡುಗಳನ್ನು ಕಾಸು ಕೊಟ್ಟು ಡೌನ್‌ಲೋಡ್ ಮಾಡಿಕೊಂಡ. ಸಂಜೆ ಕೆಮುವೇಲಿಯ ಜಗಲಿಯಲ್ಲಿ ನಾವೆಲ್ಲ ಚಾಪೆಯ ಮೇಲೆ ಕೂತು, ನಡುವೆ ಯಂಗೋನಾ ಬೇರಿನ ಕಷಾಯ ತುಂಬಿದ ಮರದ ಬಟ್ಟಲು ಇಟ್ಟುಕೊಂಡು, ತೆಂಗಿನ ಚಿಪ್ಪಿನಲ್ಲಿ ಸರದಿಯಂತೆ ಕುಡಿಯುತ್ತಿದ್ದೆವು. ಇಲೈಸಾ ಫೋನನ್ನು ಬಟ್ಟಲಿನ ಪಕ್ಕ ಇಟ್ಟ. ಸಭೆ ಆರಂಭವಾಯಿತು.

"ಭಾವ, ಕಾಸು ಕೊಟ್ಟೆ ಸರಿ. ಕೈಗೆ ಏನ್ ಬಂತು? ತೋರ್ಸು ನೋಡಣ" ಎಂದ ಕೆಮುವೇಲಿ.

"ಹಾಡು ಬಂತು."

"ಎಲ್ಲಿದೆ?"

"ಫೋನಲ್ಲಿದೆ."

"ಫೋನು ನಿನ್ ಹತ್ರ ಮೊದ್ಲೇ ಇತ್ತು. ಹೊಸ್ದಾಗಿ ಏನ್ ಬಂತು ಅಂತ ಕೇಳ್ತಿರೋದು. ಗಾಳಿ! ಗಾಳಿಗೆ ಕಾಸು ಕೊಟ್ಟಿದ್ದೀಯ ನೀನು. ನಾಳೆ ಬೇಕರಿಯವ್ನು ಬ್ರೆಡ್ಡಿನ ವಾಸ್ನೆ ಮಾರ್ತಾನೆ, ಒಂದು ಚೀಲ ತಗೊಂಡ್ ಬಾ, ಬೆಣ್ಣೆ ಹಚ್ಕೊಂಡು ತಿನ್ನಣ."

"ನನ್ ಗಾಳಿ ಹಾಡುತ್ತೆ ಭಾವ. ನಿನ್ ಸಿಡಿ ಹಾಡಿದ್ದನ್ನ ಇಲ್ಲಿ ಯಾರಾದ್ರೂ ಕೇಳಿದ್ದೀರೇನ್ರಪ್ಪ? ಗಾಜಿನ ಪೆಟ್ಟಿಗೇಲಿ ಮಲಗ್ಸಿದ್ದೀಯ, ಹಿಂದೆ ಫೋಟೋ ನಿಲ್ಸಿದ್ದೀಯ. ಮಣ್ಣು ಮಾಡೋದು ಯಾವತ್ತು ಅಂತ ಹೇಳು, ರಜಾ ಹಾಕ್ತೀನಿ."

ಚಾಪೆ ನಗೆಯಿಂದ ಅಲ್ಲಾಡಿತು. ಕೆಮುವೇಲಿ ನಗಲಿಲ್ಲ. ಅಷ್ಟರಲ್ಲಿ ಬಸ್ಸು ಓಡಿಸುವ ಅಕುಯಿಲಾ, "ಕೆಮುವೇಲಿ ಸಿಡೀಲಿ ಹತ್ತು ಹಾಡು. ನಿನ್ ಗಾಳೀಲಿ ಎಷ್ಟಿದೆ?" ಎಂದು ಕೇಳಿದ. ಇಲೈಸಾ ತಣ್ಣಗೆ "ಹನ್ನೊಂದು" ಎಂದ. ಡೌನ್‌ಲೋಡ್ ಮಾಡಿದವರಿಗೆ ಮಾತ್ರ ತಂಡದವರು ಒಂದು ಹಾಡು ಹೆಚ್ಚಿಗೆ ಕೊಟ್ಟಿದ್ದರು. ಇಲೈಸಾ ಬೆರಳು ಒತ್ತಿದ. ಸೈರುಸಿಯ ದನಿ ಎದ್ದಿತು:

ಇಲೈಸಾ, ಓ ಇಲೈಸಾ,
ನಿನ್ನ ಕಂಡು ನದಿಯು ಸರಿದು ದಾರಿ ಬಿಟ್ಟಿತು;
ಬೋಳುತಲೆಯ ಅಯ್ಯ, ನೀನು ಮೇಲಕೇರಿ ಬಾ.

ನಾನು ಇವರ ಧರ್ಮದವನಲ್ಲ, ನನಗೇ ಗೊತ್ತಿತ್ತು ಇದು ಬೈಬಲ್ಲಿನ ಪ್ರವಾದಿ ಇಲೈಸಾನ ಹಾಡು ಎಂದು. ಚಾಪೆಯ ಮೇಲಿದ್ದವರು ಹುಟ್ಟಿದಾಗಿನಿಂದ ಭಾನುವಾರ ತಪ್ಪದೆ ಚರ್ಚಿಗೆ ಹೋದವರು. ಆದರೆ ಕೆಮುವೇಲಿ ಪ್ರಸಂಗ ಶುರುವಾದ ಕೂಡಲೇ ನಿದ್ದೆ ಹೋಗುವವನು. ಅವನು ಬಾಯಿ ತೆರೆದು ಭಾವನ ಹೊಳೆಯುವ ಬೋಳುತಲೆಯನ್ನೇ ನೋಡಿದ. ಅಕುಯಿಲಾ ಯಾವ ಪಾಪವನ್ನೂ ಅರಿಯದವನ ಮುಖ ಮಾಡಿ, "ನಿನ್ ಹೆಸರು ಹಾಡಿಗೆ ಹೇಗ್ ಬಂತಪ್ಪ?" ಎಂದ.

"ಒಂದ್ ಸಲ ರೇವಾ ನದಿ ದಾಟೋವಾಗ ದೋಣೀಲಿ ಸೈರುಸಿ ಸಿಕ್ಕಿದ್ರು. ಗಿಟಾರ್ ಹಿಡ್ಕೊಂಡಿದ್ದೆ. ಇಷ್ಟು ಮಾಡಿದ್ದಕ್ಕೆ ಹಾಡ್ ಕಟ್ಟಿಬಿಡೋದಾ? ನಂಗೇ ನಾಚ್ಕೆ" ಎಂದು ಇಲೈಸಾ ತಲೆ ತಗ್ಗಿಸಿ, ತಲೆಯನ್ನು ಎಲ್ಲರಿಗೂ ಇನ್ನೂ ಚೆನ್ನಾಗಿ ಕಾಣಿಸಿದ.

ಆ ಕ್ಷಣದಿಂದ ಕೆಮುವೇಲಿಗೆ ಹೊಟ್ಟೆಯೊಳಗೆ ಒಲೆ ಹತ್ತಿತು. ಅದನ್ನು ಹಿತವಾದ ಮಾತಿನಲ್ಲಿ ಹೇಳುವುದಕ್ಕೆ ಏನೂ ಇಲ್ಲ. ಅದು ಶುದ್ಧ ಹೊಟ್ಟೆಕಿಚ್ಚು. ತಾನು ಸಾಲಿನಲ್ಲಿ ನಿಂತವನು, ತಾನು ಗಾಜಿನಲ್ಲಿಟ್ಟು ಕಾಪಾಡಿದವನು, ಹಾಡಿನಲ್ಲಿ ಹೆಸರು ಮಾತ್ರ ಗಾಳಿ ಕೊಂಡವನದು! ಮರುದಿನ ಅವನು ನಮ್ಮ ಮನೆಯ ಮೀಟರ್ ಓದಿ, ಅಷ್ಟು ನೀರಿಗೆ ನಾವು ಮನೆಯಲ್ಲೇ ಹಡಗು ಓಡಿಸಬೇಕಿತ್ತು ಎನ್ನುವಂಥ ಅಂಕಿ ಹೇಳಿದ. ಮತ್ತೆ ಓದಪ್ಪ ಎಂದರೆ, "ಗೌಂಡರ್ ಅಣ್ಣ, ಗಿಟಾರ್ ಹಿಡ್ಕೊಂಡಿದ್ದಕ್ಕೆಲ್ಲ ಹಾಡು ಕಟ್ತಾರಾ?" ಎಂದು ಕೇಳಿದ.

ವಾಸಿತಿ ತಡೆಯಲಾರದೆ ನಿಜ ಹೇಳಿದಳು. "ಏನ್ರೀ ನೀವು, ಅದು ಪ್ರವಾದಿ ಇಲೈಸಾ ಕಣ್ರೀ. ನಮ್ಮಣ್ಣ ಅಲ್ಲ."

"ಹಾಗಾದ್ರೆ ಬೋಳುತಲೆ ಹೇಗ್ ಬಂತು?"

"ಪ್ರವಾದಿಗೂ ಬೋಳುತಲೆ ಇತ್ತು."

"ನಿಮ್ಮಣ್ಣನ ಪರ ವಹಿಸ್ಕೊಂಡು ಪ್ರವಾದಿ ತಲೆ ಬೋಳಿಸ್ಬೇಡ ನೀನು!"

ಕೊನೆಗೆ ಚರ್ಚಿನ ಅಯ್ಯನವರ ಹತ್ತಿರ ಪಂಚಾಯ್ತಿ ಹೋಯಿತು. "ನೀನು ಬೇರೆ ಧರ್ಮದವ್ನು, ಪಕ್ಷಪಾತ ಇರಲ್ಲ" ಎಂದು ಕೆಮುವೇಲಿ ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೋದ. ಅಯ್ಯನವರು ಚರ್ಚಿನ ಸಭಾಭವನದ ಸೋರುವ ಮಾಡಿನ ಕೆಳಗೆ ಬಕೀಟು ಜೋಡಿಸುತ್ತಿದ್ದರು. ಕೈ ಒರೆಸಿಕೊಂಡು, ಬೈಬಲ್ ತೆರೆದು, ಪ್ರವಾದಿಯ ನದಿಯನ್ನೂ ತಲೆಯನ್ನೂ ಬೆರಳಿಟ್ಟು ತೋರಿಸಿದರು.

ಅಲ್ಲಿಗೆ ಉರಿ ಆರಬೇಕಿತ್ತು. ಅದು ಆರದೆ ದಾರಿ ಬದಲಿಸಿತು. "ಸರಿ ಅಯ್ಯನವರೇ. ಅವ್ನ ಹೆಸರಿಗೆ ಒಬ್ಬ ಪ್ರವಾದೀನಾದ್ರೂ ಇದ್ದಾನೆ. ನನ್ ಹೆಸರಿಗೆ ಯಾರಿದ್ದಾರೆ? ಕೆಮುವೇಲಿ ಅಂತ ಹುಡ್ಕಿ ನೋಡಿ."

ಅಯ್ಯನವರು ಬಹಳ ಹೊತ್ತು ಹಾಳೆ ತಿರುವಿದರು. "ಇದ್ದಾನಪ್ಪ, ಇಲ್ಲೇ ಇದ್ದಾನೆ. ಆದಿಕಾಂಡದಲ್ಲಿ. ನಾಹೋರನ ಮಗ."

ಕೆಮುವೇಲಿಯ ಮುಖ ಅರಳಿತು. "ಏನ್ ಮಾಡ್ದ?"

"ಅರಾಮನಿಗೆ ತಂದೆಯಾದ."

"ಆಮೇಲೆ?"

"ಆಮೇಲೆ ಬೈಬಲ್ಲು ಬೇರೆ ವಿಷಯಕ್ಕೆ ಹೋಗುತ್ತೆ."

"ನದಿಗಿದಿ ಏನಾದ್ರೂ ದಾಟಿದ್ನಾ?"

"ದಾಟಿದ್ರೂ ದಾಟಿರ್ಬಹುದು. ಬರ್ದಿಲ್ಲ."

"ಜಗಳಗಿಗಳ? ಯುದ್ಧ?"

"ಒಳ್ಳೆ ಮನುಷ್ಯ ಅಂತ ಕಾಣುತ್ತೆ ಕಣಯ್ಯ, ಯಾರ ತಂಟೆಗೂ ಹೋದಂಗಿಲ್ಲ" ಎಂದು ಅಯ್ಯನವರು ಸಮಾಧಾನ ಹೇಳಿದರು. ಕೆಮುವೇಲಿಗೆ ಅಳು ಬರುವುದೊಂದು ಬಾಕಿ ಇತ್ತು. ಅವನ ಮೇಲೆ ಕನಿಕರದಿಂದ ಅಯ್ಯನವರು ಇನ್ನೊಂದು ಸುದ್ದಿ ಕೊಟ್ಟರು: ಮಾಡಿನ ರಿಪೇರಿಗೆ ಹಣ ಎತ್ತಲು ಬರುವ ಶನಿವಾರ ಸಭಾಭವನದಲ್ಲೇ ದ್ರೋದ್ರೋಲು ತಂಡ ಹಾಡಲಿದೆ. ಸೈರುಸಿಗೆ ಒಂದು ಅಭ್ಯಾಸವಿದೆಯಂತೆ. ಉಪಕಾರ ಮಾಡಿದವರು ಯಾರಾದರೂ ಮನಸ್ಸಿಗೆ ಹಿಡಿಸಿದರೆ ಅವರ ಹೆಸರನ್ನು ಮುಂದಿನ ಹಾಡಿನಲ್ಲಿ ಸೇರಿಸಿಬಿಡುತ್ತಾನಂತೆ.

ಮನೆ ಹತ್ತಿರ ಬಂದಾಗ ಕೆಮುವೇಲಿ ನಿಂತು, "ಅಣ್ಣ, ಬೈಬಲ್ಲಲ್ಲಿ ಆಗದ್ದು ಹಾಡಲ್ಲಿ ಆಗ್ಬೇಕು. ಕೆಮುವೇಲಿ ಅಂತ ಒಬ್ಬ ಇದ್ದ ಅಂತ ಜನಕ್ಕೆ ಗೊತ್ತಾಗ್ಬೇಕು" ಎಂದ. ಪಾಪ, ನೋಡುವುದಕ್ಕೆ ತಮಾಷೆಯಾಗಿದ್ದರೂ ಅವನು ಅದನ್ನು ನಿಜವಾಗಿ ಬಯಸಿದ್ದ. ಬೀದಿಯ ಮೀಟರುಗಳನ್ನೆಲ್ಲ ಅವನು ಹೆಸರು ಹಿಡಿದು ಬಲ್ಲ. ಅವನನ್ನು ಮಾತ್ರ ಅರ್ಧ ಬೀದಿ "ಓಯ್, ಮೀಟರ್" ಎಂದೇ ಕರೆಯುತ್ತಿತ್ತು.

ಶನಿವಾರದವರೆಗೆ ಸುಮ್ಮನಿದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ಹನ್ನೊಂದನೇ ಹಾಡು ಭಾವನ ಜೇಬಿನಲ್ಲಿರುವಷ್ಟು ಕಾಲ ಇವನಿಗೆ ಊಟ ಸೇರುವುದಿಲ್ಲ. ಹೆಸರನ್ನು ಹಾಡಿನಲ್ಲಿ ಹೇಗೆ ಕೂರಿಸುತ್ತಾರೆಂದು ಹತ್ತಿರದಿಂದ ಕೇಳಬೇಕು, ಆದರೆ ಕಾಸು ಕೊಟ್ಟು ಕೊಂಡರೆ ಪಕ್ಷದ ಮಾನ ಹೋಗುತ್ತದೆ. ಅವತ್ತು ಸಂಜೆ ಚಾಪೆಯ ಮೇಲೆ, ಚಿಪ್ಪು ಖಾಲಿ ಮಾಡಿ, ಕುಡಿದವರ ಪದ್ಧತಿಯಂತೆ ಚಪ್ಪಾಳೆ ತಟ್ಟಿ, ಎಲ್ಲರೂ ಕೇಳುವ ಹಾಗೆ ಅಂದ:

"ಭಾವ, ಕೆರೆಕೆರೆ. ಆ ಫೋನು."

ಇಲೈಸಾನ ಬೋಳುತಲೆಯ ಮೇಲೆ ಬೆವರು ಮೂಡಿತು. ಡೌನ್‌ಲೋಡನ್ನು ಯಾರೂ ಕೆರೆಕೆರೆ ಕೇಳಲಾರರು ಎಂದು ಅವನು ಊರೆಲ್ಲ ಭಾಷಣ ಮಾಡಿದ್ದ. ಹಾಡು ಇರುವ ಫೋನನ್ನೇ ಕೇಳುತ್ತಾರೆಂದು ಯೋಚಿಸಿರಲಿಲ್ಲ. ಅವನು ಫೋನನ್ನು ಎರಡೂ ಕೈಯಿಂದ ಎತ್ತಿ ಕೊಟ್ಟ. ಕೊಟ್ಟು, ಉಸಿರೆಳೆದು, "ಭಾವ, ಕೆರೆಕೆರೆ. ಆ ಸಿಡಿ" ಎಂದ.

ವಾಸಿತಿ ಒಳಗೆ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿತು. ಮದುವೆಯಾದ ಮೇಲೆ ಅವಳು ಅಷ್ಟು ಚುರುಕಾಗಿ ಒಂದು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಸಿಡಿ ಹೋಯಿತು, ಫೋಟೋದಲ್ಲಿ ಅವಳ ಮುಖ ಕಾಣಿಸಿತು.

ಆಮೇಲಿನ ದಿನಗಳಲ್ಲಿ ನಮ್ಮ ಬೀದಿ ಕಂಡ ರಾಜಕೀಯ ಯಾವ ಪಾರ್ಲಿಮೆಂಟೂ ಕಂಡಿರಲಾರದು. ಸಿಡಿ ಪಕ್ಷದ ಅಧ್ಯಕ್ಷನ ಕೈಯಲ್ಲಿ ಫೋನು, ಡೌನ್‌ಲೋಡ್ ಪಕ್ಷದ ನಾಯಕನ ಕೈಯಲ್ಲಿ ಸಿಡಿ. ಫೋನಿಗೆ ಬೀಗದ ಅಂಕಿ ಇತ್ತು. ಅದನ್ನು ಕೇಳಿದರೆ ಸೋತಂತೆ ಎಂದು ಕೆಮುವೇಲಿ ಕೇಳಲಿಲ್ಲ. ಅದನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಏನೂ ಕೇಳಿಸದೆಯೇ ತಲೆದೂಗುತ್ತಿದ್ದ. ಇಲೈಸಾನ ಮನೆಯಲ್ಲಿ ಸಿಡಿ ಹಾಕುವ ಯಂತ್ರವೇ ಇರಲಿಲ್ಲ; ಅವನು ಅದನ್ನು ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲಿ ನಿಲ್ಲಿಸಿ, ದಿನಾ ಬೆಳಗ್ಗೆ ಬಟ್ಟೆಯಿಂದ ಒರೆಸತೊಡಗಿದ.

"ವಸ್ತು ಅಂದ್ರೆ ಕೈಲಿರ್ಬೇಕಪ್ಪ, ತೂಕ ಇರ್ಬೇಕು" ಎಂದು ಇಲೈಸಾ ಕಿಟಕಿಯಿಂದ ಹೇಳುವನು.

"ತೂಕ ಬೇಕಾದ್ರೆ ಕಲ್ಲು ಇಟ್ಕೋ. ಸಂಗೀತಕ್ಕೆ ಯಾಕೋ ತೂಕ?" ಎಂದು ಕೆಮುವೇಲಿ ರಸ್ತೆಯಿಂದ ಉತ್ತರಿಸುವನು. ಬಾಯಲ್ಲಿ ಹೀಗೆಂದರೂ ಕಣ್ಣು ಕಿಟಕಿಯಲ್ಲೇ ಇರುತ್ತಿತ್ತು. ತನ್ನ ಸಿಡಿ ಇನ್ನೊಬ್ಬರ ಮನೆಯಲ್ಲಿ ಅಷ್ಟು ಚೆಂದ ಕಾಣುತ್ತಿರುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ.

ಶನಿವಾರ ಬಂತು. ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಹೊರಗೆ ಮಣ್ಣಿನ ಗುಂಡಿಯಿಂದ ಬೇಯಿಸಿದ ಕೋಳಿ, ಕೆಸವಿನ ಗೆಡ್ಡೆ ತೆಗೆಯುತ್ತಿದ್ದರು. ಕೆಮುವೇಲಿ ಬಣ್ಣದ ಹೂವಿನ ಅಂಗಿ ತೊಟ್ಟು ಮೊದಲ ಸಾಲಿನಲ್ಲೇ ಕೂತಿದ್ದ. ಉಪಕಾರ ಮಾಡಬೇಕೆಂದು ಸೈರುಸಿಗೆ ಕುರ್ಚಿ ತಂದುಕೊಟ್ಟ, ನೀರು ಕೊಟ್ಟ, ಬೀಸಣಿಗೆ ಬೀಸಿದ. ಗಿಟಾರ್ ಹಿಡಿದುಕೊಳ್ಳುತ್ತೇನೆಂದು ಎಷ್ಟು ಸಲ ಕೇಳಿದನೆಂದರೆ ತಂಡದವರು ಗಿಟಾರುಗಳನ್ನು ಬೇರೆ ಕಡೆಗೆ ಸಾಗಿಸಿದರು.

ಕೆಲವು ಹಾಡು ಮುಗಿದ ಮೇಲೆ ಸೈರುಸಿ ಮೈಕು ಹಿಡಿದು, "ನೋಡ್ರಪ್ಪ, ಹೋದ ಮಳೆಗಾಲ ನಮ್ಮ ಮನೆಗೆ ಹೊಳೆ ನುಗ್ತು. ಎಲ್ಲ ಹೋಯ್ತು. ನಮ್ಮ ಹಾಡಿನ ಸಿಡಿ ನಮ್ಮ ಹತ್ರಾನೇ ಒಂದೂ ಉಳ್ದಿಲ್ಲ. ನಮ್ಮ ಮೊದಲ್ನೇ ಸಿಡಿ ಯಾರ ಹತ್ರಾನಾದ್ರೂ ಇದ್ಯಾ? ಇದ್ರೆ, ಕೆರೆಕೆರೆ" ಎಂದ.

"ನನ್ ಹತ್ರ!" ಎಂದು ಕೆಮುವೇಲಿ ನೆಗೆದು ನಿಂತ. ಜನ ಚಪ್ಪಾಳೆ ತಟ್ಟಿದರು. ಕೈ ಜೇಬಿಗೆ ಹೋಯಿತು. ಜೇಬಿನಲ್ಲಿ ಫೋನಿತ್ತು. ಅವನ ಮುಖದ ಬಣ್ಣ ಇಳಿದದ್ದನ್ನು ಹಿಂದಿನ ಸಾಲಿನವರೂ ಕಂಡರು. ಅಷ್ಟರಲ್ಲಿ ಇಲೈಸಾ, ಸಿಡಿಯನ್ನು ಹಸಿರು ಎಲೆಯ ಮೇಲಿಟ್ಟುಕೊಂಡು, ಮದುವೆಗೆ ಹೊರಟವನಂತೆ ನಡುವಿನ ದಾರಿಯಲ್ಲಿ ನಿಧಾನವಾಗಿ ನಡೆದು ಬಂದ. ಬೇಕೆಂದೇ ಮನೆಯಿಂದ ತಂದಿದ್ದ, ಭಾವನಿಗೆ ತೋರಿಸಿ ಉರಿಸಲು. ಸೈರುಸಿ ಅವನನ್ನು ತಬ್ಬಿಕೊಂಡ. ತಬ್ಬಿಕೊಂಡು, ಆ ಪ್ಲಾಸ್ಟಿಕ್ ಹಾಳೆಯನ್ನು ಹಲ್ಲಿನಿಂದ ಕಚ್ಚಿ ಹರಿದ. ಕೆಮುವೇಲಿ "ಅಯ್ಯೋ" ಎಂದದ್ದು ಮೈಕಿನಲ್ಲೂ ಕೇಳಿಸಿತು.

"ಇಷ್ಟು ಜೋಪಾನವಾಗಿ ಇಟ್ಟಿದ್ದೀಯಲ್ಲೋ ಮಗನೇ! ನಿನ್ ಹೆಸ್ರೇನು?"

"ಇಲೈಸಾ, ತಾತ."

"ಮುಂದಿನ ಹಾಡಲ್ಲಿ ನಿನ್ ಹೆಸ್ರು ಬರುತ್ತೆ ನೋಡು."

ಮನುಷ್ಯನಿಗೆ ಹೊಟ್ಟೆಕಿಚ್ಚು ತಲೆಗೇರಿದಾಗ ಸಿದ್ಧಾಂತಗಳಿಗೆ ಕೂರಲು ಜಾಗ ಉಳಿಯುವುದಿಲ್ಲ. ಕೆಮುವೇಲಿ ಒಂದೇ ನೆಗೆತಕ್ಕೆ ವೇದಿಕೆ ಏರಿದ. ಮೈಕಿಗೆ ಬಾಯಿಟ್ಟು ಕೂಗಿದ: "ತಾತ! ಸಿಡಿ ತಗೊಂಡು ಏನ್ ಮಾಡ್ತೀರಿ? ಗೀರು ಬೀಳುತ್ತೆ, ಮತ್ತೆ ಹೊಳೆ ಬಂದ್ರೆ ತೇಲ್ಕೊಂಡ್ ಹೋಗುತ್ತೆ! ಅದ್ರಲ್ಲಿರೋದು ಹತ್ತೇ ಹಾಡು. ಇದ್ರಲ್ಲಿ ಹನ್ನೊಂದು. ತಗೊಳ್ಳಿ!" ಎಂದು ಫೋನನ್ನು ಸೈರುಸಿಯ ಅಂಗೈಯಲ್ಲಿ ಒತ್ತಿದ.

ಇಲೈಸಾನ ಬಾಯಿ ಹಾಗೇ ತೆರೆದುಕೊಂಡಿತು. ಇವತ್ತು ಊಟವಾದ ಮೇಲೆ ಒಳ್ಳೆಯ ಮಾತಿನಲ್ಲಿ ಫೋನು ವಾಪಸು ಕೇಳಬೇಕೆಂದು ಅವನು ನನ್ನ ಹತ್ತಿರ ಹೇಳಿಕೊಂಡಿದ್ದ. "ತಾತ, ಅದು..." ಎಂದು ಶುರುಮಾಡಿದ. ಮುಂದೆ ಹೇಳುವುದಾದರೂ ಏನು? ಕೆರೆಕೆರೆಗೆ ಕೊಟ್ಟದ್ದನ್ನು ಚರ್ಚಿನ ಜನರೆದುರು ನನ್ನದು ಎನ್ನುವುದೇ? ಸೈರುಸಿ ಫೋನನ್ನು ಹಿಂದೆಮುಂದೆ ತಿರುಗಿಸಿ, "ಇದು ತೆಗಿಯೋದ್ ಹೇಗಪ್ಪ?" ಎಂದಾಗ ಕೆಮುವೇಲಿ ಸೋರುವ ಮಾಡನ್ನು ನೋಡಿದ. ಕೊನೆಗೆ ಇಲೈಸಾನೇ ಮುಂದೆ ಬಂದು, ತನ್ನ ಫೋನಿನ ಬೀಗವನ್ನು ತನ್ನ ಕೈಯಿಂದಲೇ ತೆಗೆದು ಕೊಟ್ಟ. ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಅಯ್ಯನವರು ಕಣ್ಣೊರೆಸಿಕೊಂಡು, ಅದರ ಮೇಲೆ ಒಂದು ಪ್ರಸಂಗವನ್ನೂ ಮಾಡಿದರು.

ಕಾರ್ಯಕ್ರಮ ಮುಗಿದ ಮೇಲೆ ಕೆಮುವೇಲಿ ವೇದಿಕೆಯ ಹಿಂದೆ ಹೋಗಿ ಸೈರುಸಿಯ ಕಾಲ ಬಳಿ ಕೂತ. "ತಾತ, ಹಾಡು ಕಟ್ಟೋಕ್ ಮುಂಚೆ ಒಂದ್ ಮಾತು. ಆ ಸಿಡಿ ನಿಜವಾಗ್ಲೂ ನಂದು. ಫೋನು ಅವ್ನದು. ನಾನು ಸಿಡಿ ಕಡೆಯವ್ನು."

"ಸಿಡಿ ಕೊಟ್ಟಿದ್ದು ಯಾರು?"

"ಅವ್ನು."

"ಫೋನು?"

"ನಾನು. ಆದ್ರೆ..."

"ನಾನು ಕಣ್ಣಲ್ಲಿ ಕಂಡಿದ್ದನ್ನ ಹಾಡೋನು ಕಣಪ್ಪ" ಎಂದು ಮುದುಕ ಕೋಳಿಯ ತುಂಡಿಗೆ ಕೈಹಾಕಿದ.

ಹಾಡು ಬಂತು. ಸಿಡಿ ಮಾಡಿಸಲು ಕೈಯಲ್ಲಿ ಕಾಸಿಲ್ಲವೆಂದು ತಂಡದವರು ಅದನ್ನು ಡೌನ್‌ಲೋಡ್ ಮಾತ್ರ ಬಿಟ್ಟರು. ನಮ್ಮ ಬೀದಿಯಲ್ಲಿ ಅದನ್ನು ಕೊಳ್ಳದ ಮನೆಗಳು ಎರಡೇ. ಇಲೈಸಾನ ಹತ್ತಿರ ಫೋನಿಲ್ಲ. ಕೆಮುವೇಲಿಗೆ ಮರ್ಯಾದೆ ಅಡ್ಡ. ಮನೆಮನೆಯಿಂದ ತನ್ನ ಹೆಸರು ಕೇಳಿಸುತ್ತಿದ್ದರೂ ಅವನು ಕಿವಿ ಮುಚ್ಚಿಕೊಂಡು ಮೀಟರ್ ಓದಿದ. ಹಾಡನ್ನು ತಿದ್ದಿಸುವವರೆಗೆ ಅದು ತನ್ನ ಹೆಸರೇ ಅಲ್ಲವೆಂದು ನನ್ನೆದುರು ಆಣೆ ಮಾಡಿದ.

ಒಂದು ದಿನ ನಾವು ಸುವಾದಿಂದ ಅಕುಯಿಲಾನ ಬಸ್ಸಿನಲ್ಲಿ ಬರುತ್ತಿದ್ದೆವು. ಕೆಮುವೇಲಿ ನನ್ನ ಪಕ್ಕ, ಇಲೈಸಾ ನಮ್ಮ ಹಿಂದಿನ ಸೀಟು. ಅಕುಯಿಲಾ ಕನ್ನಡಿಯಲ್ಲಿ ನಮ್ಮನ್ನು ಒಮ್ಮೆ ನೋಡಿ, ಸ್ಪೀಕರ್ ಜೋರು ಮಾಡಿದ.

ಸಿಡಿಯ ಕೊಟ್ಟ ಇಲೈಸಾ, ನಿನ್ನ ಕೈಯಿ ತಂಪಿರಲಿ;
ಫೋನು ಕೊಟ್ಟ ಕೆಮುವೇಲಿ, ನಿನ್ನ ಬಾಳು ಇಂಪಿರಲಿ.

ಬಸ್ಸಿಗೆ ಬಸ್ಸೇ ದನಿಗೂಡಿಸಿತು. ಶಾಲೆಯ ಮಕ್ಕಳು ಕಿಟಕಿ ಬಡಿದು ತಾಳ ಹಾಕಿದರು. ಎದುರು ಸೀಟಿನಲ್ಲಿ ಕೆಸವಿನ ಗೆಡ್ಡೆಯ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಎದೆಯ ಮೇಲೆ ಕೈಯಿಟ್ಟು, "ಯಾರೋ ಏನೋ ಆ ಕೆಮುವೇಲಿ! ಎಂಥಾ ದೊಡ್ ಮನ್ಸು. ಫೋನು ಬಿಟ್ಟು ಒಂದ್ ಗಳಿಗೆ ಇರಲ್ಲ ಜನ, ಕೊಟ್ಟೇ ಬಿಟ್ಟನಂತಲ್ಲ!" ಎಂದಳು.

ನಾನು ಕೆಮುವೇಲಿಯ ಕಡೆ ನೋಡಿದೆ. ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಿವಿಗಳು ಮಾತ್ರ ಕೆಂಪಗಾಗಿ ಆ ಹಾಡಿನ ಕಡೆಗೇ ನಿಂತಿದ್ದವು.

"ನಾನೇ ಅಕ್ಕ" ಎಂದ.

"ಅಯ್ಯೋ ದೇವ್ರೇ, ನೀನೇನಪ್ಪಾ! ಹಾಗಾದ್ರೆ ನೀನು ಡೌನ್‌ಲೋಡ್ ಕಡೆಯವ್ನು."

"ಹುಟ್ಟಿದಾಗಿಂದ್ಲೂ."

ಬಸ್ಸು ತಿರುಗಿ ನೋಡಿತು. ಯಾರೋ ಅವನ ಕೈ ಕುಲುಕಿದರು. ಹೆಂಗಸು ಬುಟ್ಟಿಯಿಂದ ದಪ್ಪನೆಯ ಗೆಡ್ಡೆಯೊಂದನ್ನು ಆರಿಸಿ ಅವನ ತೊಡೆಯ ಮೇಲಿಟ್ಟಳು. "ಮತ್ತೆ ಆ ಇನ್ನೊಬ್ಬ ಯಾರಪ್ಪ? ಮೊದ್ಲು ಬರ್ತಾನಲ್ಲ, ಇಲೈಸಾ ಅಂತ?"

ಹಿಂದಿನ ಸೀಟಿನಲ್ಲಿ ಇಲೈಸಾ ಕಾಲರ್ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಎದ್ದು ನಿಲ್ಲುತ್ತಿದ್ದ. ಕೆಮುವೇಲಿ ಹಿಂದಕ್ಕೆ ತಿರುಗಲಿಲ್ಲ.

"ಅದು ಯಾರೂ ಅಲ್ಲ ಅಕ್ಕ" ಎಂದ. "ತಾಳಕ್ಕೆ ಒಂದ್ ಹೆಸ್ರು ಸಾಲ್ದೆ ಬಂತಂತೆ, ಸುಮ್ನೆ ಸೇರ್ಸಿದ್ದಾರೆ."